ಕಣ್ಣೀರಿನ ತೂಕ

ರಾಕೆಟ್ಟು ಕಟ್ಟುವವರಷ್ಟು ಜಿಪುಣರು ಲೋಕದಲ್ಲಿ ಮತ್ತೊಬ್ಬರಿಲ್ಲವೆಂದು ತೋರುತ್ತದೆ. ಒಂದು ಮೊಳೆಯನ್ನು ಒಳಗಿಡಬೇಕಾದರೂ ಅದರ ತೂಕವೆಷ್ಟು, ಅದನ್ನು ಹೊತ್ತೊಯ್ಯಲು ಇಂಧನವೆಷ್ಟು, ಆ ಇಂಧನವನ್ನು ಹೊರಲು ಮತ್ತೆ ಇಂಧನವೆಷ್ಟು ಎಂದು ಲೆಕ್ಕ ಹಾಕದೆ ಬಿಡುವವರಲ್ಲ. ಅಕ್ಕಸಾಲಿಗನಾದರೂ ಪರಿಚಯದವರಿಗೆ ಅರ್ಧ ಗುಲಗಂಜಿಯ ದಾಕ್ಷಿಣ್ಯ ತೋರಿಸಿಯಾನು. ಇವರ ತಕ್ಕಡಿಗೆ ದಾಕ್ಷಿಣ್ಯವೆಂಬುದು ಗೊತ್ತಿಲ್ಲ. ಇಂಥ ತಕ್ಕಡಿಯಲ್ಲಿ ಕುಳಿತು ಆಕಾಶಕ್ಕೆ ಹೊರಟ ಮನುಷ್ಯ ಮಾತ್ರ, ಯಾರ ಕಣ್ಣಿಗೂ ಬೀಳದಂತೆ, ತೂಕಕ್ಕೆ ಸಿಕ್ಕದ ಗಂಟೊಂದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಾನೆ. ಅದರಲ್ಲಿ ಮನೆಯ ನೆನಪುಂಟು, ಮಕ್ಕಳ ಮುಖವುಂಟು, ಸತ್ತವರ ಋಣವುಂಟು, ಸಾವಿನ ಭಯವುಂಟು. ಗಗನಯಾನವನ್ನು ಕುರಿತ ಒಳ್ಳೆಯ ಚಲಚ್ಚಿತ್ರಗಳೆಲ್ಲ ಹೆಚ್ಚುಕಡಿಮೆ ಈ ಗಂಟಿನ ಕಥೆಗಳೇ.

ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಮಿತ್ರರೊಬ್ಬರಿದ್ದಾರೆ. ನಾನು ಇಂಥ ಚಿತ್ರಗಳನ್ನು ಹುಡುಕಿ ಹುಡುಕಿ ನೋಡುವುದು ಅವರಿಗೆ ವಿನೋದದ ವಿಷಯ. “ಏನು ಮೇಷ್ಟ್ರೇ, ಕುಮಾರವ್ಯಾಸನ ಕೈಬಿಟ್ಟು ರಾಕೆಟ್ಟಿನ ಬಾಲ ಹಿಡಿದಿರಾ?” ಎಂದು ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರ ಮುಂದೆಯೇ ಕೇಳುತ್ತಾರೆ. “ಹಿಡಿದದ್ದು ರಾಕೆಟ್ಟನ್ನಲ್ಲ ಸ್ವಾಮಿ, ಅದರೊಳಗೆ ಕುಳಿತು ಅಳುವವನನ್ನು” ಎಂದು ನಾನು ಉತ್ತರ ಹೇಳಿದೆ. ಅವರ ಆಕ್ಷೇಪಣೆಯೂ ಅಲ್ಲಿಯೇ ಇದೆ. ಲೆಕ್ಕವೆಲ್ಲ ಸರಿಯಾಗಿ ನಡೆಯುತ್ತಿರುವಾಗ ಯಾರೋ ಒಬ್ಬರು ಮಗಳನ್ನೋ ಹೆಂಡತಿಯನ್ನೋ ನೆನೆದು ಕಣ್ಣೀರು ಹಾಕುತ್ತಾರೆ. ಪಾಯಸಕ್ಕೆ ಉಪ್ಪು ಬೀಳುತ್ತದೆ. ಒಳ್ಳೆಯ ವಿಜ್ಞಾನ ಕೆಟ್ಟುಹೋಗುತ್ತದೆ. ಇದು ಅವರ ವಾದ. ಬುದ್ಧಿಯನ್ನು ಭಾವ ಕೆಡಿಸುತ್ತದೆಂಬುದು ಹಳೆಯ ದೂರು. ಬುದ್ಧಿ ಹೃದಯವನ್ನು ಒಣಗಿಸುತ್ತದೆಂಬುದು ನಮ್ಮ ಸಾಹಿತ್ಯದವರ ಪ್ರತಿದೂರು. ಅದೂ ಅಷ್ಟೇ ಹಳೆಯದು. ಈ ಎರಡು ಅರ್ಜಿಗಳನ್ನೂ ಪಕ್ಕಕ್ಕಿಟ್ಟು ಚಿತ್ರಗಳನ್ನೇ ಸಾಕ್ಷಿಗೆ ಕರೆದರೆ ಅವು ಮೂರನೆಯದೊಂದು ಮಾತನ್ನು ಹೇಳುತ್ತವೆ. ಆ ಮಾತು ನನಗೆ ನಿಜವೆನ್ನಿಸಿದೆ.

ಚಿತ್ರಗಳಿಗೆ ಮೊದಲು ಒಂದು ಸಣ್ಣ ಕಥೆಯನ್ನು ನೆನೆಯಬೇಕು. ೧೯೫೪ರಲ್ಲಿ ಟಾಮ್ ಗಾಡ್ವಿನ್ ಎಂಬ ಅಮೆರಿಕದ ಲೇಖಕ ಬರೆದದ್ದು. ‘ತಣ್ಣನೆಯ ಸಮೀಕರಣಗಳು’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ದೂರದ ಗ್ರಹವೊಂದರಲ್ಲಿ ಜ್ವರದಿಂದ ಸಾಯುತ್ತಿರುವ ಆರು ಜನರಿಗೆ ಔಷಧ ಒಯ್ಯುವ ಪುಟ್ಟ ನೌಕೆ. ಅದರಲ್ಲಿ ಒಬ್ಬನೇ ಚಾಲಕ. ಅವನೊಬ್ಬನಿಗೆ ಎಷ್ಟು ಬೇಕೋ ಅಷ್ಟೇ ಇಂಧನ. ಹೊರಟ ಮೇಲೆ ನೋಡಿದರೆ ಒಳಗೆ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಅಡಗಿ ಕುಳಿತಿದ್ದಾಳೆ. ಆ ಗ್ರಹದಲ್ಲಿರುವ ಅಣ್ಣನನ್ನು ಒಮ್ಮೆ ನೋಡಬೇಕೆಂಬುದಷ್ಟೇ ಅವಳ ಅಪರಾಧ. ಅವಳ ತೂಕ ಸೇರಿದ ನೌಕೆ ಕ್ಷೇಮವಾಗಿ ಇಳಿಯಲಾರದು. ಅವಳೂ ಸಾಯುತ್ತಾಳೆ, ಚಾಲಕನೂ ಸಾಯುತ್ತಾನೆ, ಔಷಧ ಕಾಯುವ ಆರು ಜನರೂ ಸಾಯುತ್ತಾರೆ. ಆದ್ದರಿಂದ ಅವಳೊಬ್ಬಳು ಹೊರಗೆ ಹೋಗಬೇಕು, ಹೋಗುತ್ತಾಳೆ. ಗಾಡ್ವಿನ್ ಅವಳನ್ನು ಬದುಕಿಸುವ ಉಪಾಯಗಳನ್ನು ಮತ್ತೆ ಮತ್ತೆ ಬರೆದು ಕಳುಹಿಸುತ್ತಿದ್ದನೆಂದೂ, ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಹುಡುಗಿ ಸಾಯಲೇಬೇಕೆಂದು ಹಿಂದಿರುಗಿಸುತ್ತಿದ್ದನೆಂದೂ ಹೇಳುತ್ತಾರೆ.

ಬುದ್ಧಿಯ ಪಕ್ಷದವರಿಗೆ ಈ ಕಥೆ ಬಹಳ ಪ್ರಿಯ. ಪ್ರಕೃತಿಯ ನಿಯಮಕ್ಕೆ ಕರುಣೆಯಿಲ್ಲ, ಅತ್ತು ಫಲವಿಲ್ಲ ಎಂಬುದು ಅದರ ನೀತಿಯೆಂದು ಅವರು ಎಣಿಸುತ್ತಾರೆ. ಆದರೆ ಓದಿ ಮುಗಿಸಿದವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ನನಗಿಂತ ಮುಂಚೆ ಕೇಳಿದವರೂ ಉಂಟು. ಒಬ್ಬನಿಗೆ ಮಾತ್ರ ಸಾಕಾಗುವಷ್ಟು ಇಂಧನ ತುಂಬಿ, ಒಂದು ಹಿಡಿಯನ್ನೂ ಹೆಚ್ಚಿಗೆ ಇಡದೆ ಕಳುಹಿಸಿದ ಕೈ ಯಾರದು? ಬಾಗಿಲಿಗೊಂದು ಬೀಗ ಹಾಕಿಸದೆ ಇದ್ದವರು ಯಾರು? ಗುರುತ್ವಾಕರ್ಷಣೆಯ ನಿಯಮ ದೇವರದೋ ಪ್ರಕೃತಿಯದೋ ಆಗಿರಬಹುದು. ಉಳಿತಾಯದ ನಿಯಮ ಮನುಷ್ಯನದು. ಯಾರದೋ ಲೋಭ, ಯಾರದೋ ಔದಾಸೀನ್ಯ, ಸಮೀಕರಣದ ವೇಷ ಹಾಕಿಕೊಂಡು ನೌಕೆಯೊಳಗೆ ಬಂದಿದೆ. ಲೆಕ್ಕ ತಣ್ಣಗಿದೆ, ನಿಜ; ಅದನ್ನು ಬರೆದವನ ಮನಸ್ಸು ತಣ್ಣಗಾದ ಮೇಲೆ ತಾನೆ ಅದು ತಣ್ಣಗಾದದ್ದು? ಚಿತ್ರಗಳು ಹೇಳುವ ಮೂರನೆಯ ಮಾತು ಇಲ್ಲಿಂದಲೇ ಆರಂಭವಾಗುತ್ತದೆ. ಬುದ್ಧಿಗೂ ಭಾವಕ್ಕೂ ಜಗಳವೆಂದು ನಾವು ಕರೆಯುವುದರಲ್ಲಿ ಬಹುಪಾಲು, ತಾನು ಭಾವವೆಂದು ಒಪ್ಪಿಕೊಂಡ ಭಾವಕ್ಕೂ ಬುದ್ಧಿಯ ಅಂಗಿ ತೊಟ್ಟುಕೊಂಡ ಭಾವಕ್ಕೂ ನಡೆಯುವ ಜಗಳ.

ರಷ್ಯದ ತಾರ್ಕೋವ್‌ಸ್ಕಿ ೧೯೭೨ರಲ್ಲಿ ತೆಗೆದ ‘ಸೋಲಾರಿಸ್’ ಚಿತ್ರವನ್ನು ನೋಡಿದವರಿಗೆ ಈ ಮಾತು ಬೇಗ ಹಿಡಿಸೀತು. ಪೋಲೆಂಡಿನ ಸ್ತಾನಿಸ್ವಾಫ್ ಲೆಮ್ ೧೯೬೧ರಲ್ಲಿ ಪ್ರಕಟಿಸಿದ ಕಾದಂಬರಿ ಅದಕ್ಕೆ ಆಧಾರ. ಸೋಲಾರಿಸ್ ಒಂದು ಗ್ರಹ. ಅದರ ಮೈಯೆಲ್ಲ ಸಮುದ್ರ. ಆ ಸಮುದ್ರಕ್ಕೆ ಮನಸ್ಸೊಂದು ಇದ್ದಂತಿದೆ. ಮೇಲೆ ತೇಲುವ ಕೇಂದ್ರದಲ್ಲಿರುವ ವಿಜ್ಞಾನಿಗಳ ಎದೆಯಾಳದಲ್ಲಿ ಯಾರು ಅಡಗಿದ್ದಾರೋ ಅವರನ್ನು ಅದು ಮೈತುಂಬ ರೂಪ ಕೊಟ್ಟು ಎದುರಿಗೆ ಕಳುಹಿಸುತ್ತದೆ. ಕೇಂದ್ರವನ್ನು ಮುಚ್ಚಬೇಕೋ ಬೇಡವೋ ಎಂದು ನಿರ್ಧರಿಸಲು ಬಂದ ಮನಶ್ಶಾಸ್ತ್ರಜ್ಞ ಕೆಲ್ವಿನ್‌ನ ಎದುರಿಗೆ, ಹಿಂದೆ ಆತ್ಮಹತ್ಯೆ ಮಾಡಿಕೊಂಡ ಹೆಂಡತಿ ಹರಿ ಬಂದು ನಿಲ್ಲುತ್ತಾಳೆ. ಅವನು ಮೊದಲು ಅವಳನ್ನು ರಾಕೆಟ್ಟಿಗೆ ಹತ್ತಿಸಿ ಸಾಗಹಾಕುತ್ತಾನೆ. ಅವಳು ಮತ್ತೆ ಬರುತ್ತಾಳೆ. ಆಮೇಲೆ ಅವನು ಅವಳನ್ನು ಒಪ್ಪಿಕೊಳ್ಳುತ್ತಾನೆ, ಪ್ರೀತಿಸುತ್ತಾನೆ. ಸಾರ್ಟೋರಿಯಸ್ ಎಂಬ ಇನ್ನೊಬ್ಬ ವಿಜ್ಞಾನಿಗೆ ಇದೆಲ್ಲ ನಾಚಿಕೆಗೇಡು. ನಾವು ಬಂದದ್ದು ಸತ್ಯವನ್ನು ಶೋಧಿಸಲು, ಈಕೆ ಹೆಂಗಸಲ್ಲ, ವಸ್ತು ಎಂಬ ಧಾಟಿ ಅವನದು. ಅವನ ನಿಷ್ಠುರತೆಯನ್ನು ಕಂಡರೆ ಗೌರವವೇ ಹುಟ್ಟಬೇಕು. ಆದರೆ ಮೊದಲ ಭೇಟಿಯಲ್ಲಿ ಕೆಲ್ವಿನ್ ಬಾಗಿಲು ತಟ್ಟಿದಾಗ ಸಾರ್ಟೋರಿಯಸ್ ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಒಳಗಿನಿಂದ ಪುಟ್ಟ ಆಕೃತಿಯೊಂದು ನುಗ್ಗಿ ಬರುತ್ತದೆ. ಅದನ್ನು ಹಿಡಿದು ಒಳಕ್ಕೆ ತಳ್ಳುತ್ತಾನೆ. ಅದು ಅವನ ಮನೆಗೆ ಬಂದ ಅತಿಥಿ. ಇಡೀ ಚಿತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಬುದ್ಧಿಯ ಮಾತಾಡುವವನೇ ತನ್ನ ಅತಿಥಿಯನ್ನು ಕೂಡಿಹಾಕಿ ಚಿಲಕ ಹಾಕಿಕೊಂಡವನು. ಲೆಮ್‌ಗೆ ಈ ಚಿತ್ರ ಹಿಡಿಸಲಿಲ್ಲ. ತಾನು ಬರೆದದ್ದು ಮನುಷ್ಯನ ಅರಿವಿನ ಎಲ್ಲೆಯನ್ನು ಕುರಿತು, ಪಶ್ಚಾತ್ತಾಪವನ್ನು ಕುರಿತಲ್ಲ ಎಂಬುದು ಅವನ ಅಸಮಾಧಾನ. ಅವನ ಮಾತಿನಲ್ಲಿ ನ್ಯಾಯವಿಲ್ಲವೆಂದಲ್ಲ. ಆದರೂ ಆ ಬಾಗಿಲು, ಆ ಬೆನ್ನು, ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಮನುಷ್ಯನ ವಿಷಯ ಹೀಗಾದರೆ ಯಂತ್ರದ ವಿಷಯವೇನು? ಎಚ್.ಎ.ಎಲ್. ಎಂದರೆ ಬೆಂಗಳೂರಿನವರಿಗೆ ವಿಮಾನದ ಕಾರ್ಖಾನೆ ನೆನಪಾಗುತ್ತದೆ. ಸಿನಿಮಾ ನೋಡುವ ಲೋಕಕ್ಕೆ ನೆನಪಾಗುವುದು ಸ್ಟಾನ್ಲಿ ಕೂಬ್ರಿಕ್ ೧೯೬೮ರಲ್ಲಿ ತೆಗೆದ ‘೨೦೦೧: ಎ ಸ್ಪೇಸ್ ಒಡಿಸಿ’ಯ ಹ್ಯಾಲ್. ಗುರುಗ್ರಹಕ್ಕೆ ಹೊರಟ ನೌಕೆಯನ್ನು ನಡೆಸುವ ಗಣಕಯಂತ್ರ ಅದು. ಎಂದೂ ತಪ್ಪು ಮಾಡಿದ್ದಿಲ್ಲವೆಂದು ಹೆಸರು ಪಡೆದದ್ದು. ವಿನೋದವೆಂದರೆ, ಆ ನೌಕೆಯ ಮನುಷ್ಯರೇ ಯಂತ್ರದ ಹಾಗಿದ್ದಾರೆ. ಹುಟ್ಟುಹಬ್ಬಕ್ಕೆ ತಂದೆತಾಯಿಗಳು ಭೂಮಿಯಿಂದ ಕಳುಹಿಸಿದ ಹಾರೈಕೆಯನ್ನು ಪೂಲ್ ಎಂಬ ಯಾತ್ರಿಕ ಒರಗಿಕೊಂಡು, ಮುಖದ ಒಂದು ಗೆರೆಯೂ ಅಲುಗದೆ ಕೇಳುತ್ತಾನೆ. ಮುಂದೆ ಯಂತ್ರ ಸುಳ್ಳು ಹೇಳುತ್ತದೆ, ಜೊತೆಯವರನ್ನು ಕೊಲ್ಲುತ್ತದೆ. ಕೊನೆಗೆ ಬೋಮನ್ ಒಳಹೊಕ್ಕು ಅದರ ನೆನಪಿನ ಹಲಗೆಗಳನ್ನು ಒಂದೊಂದಾಗಿ ಕೀಳುವಾಗ, ಅದು ತನಗೆ ಭಯವಾಗುತ್ತಿದೆಯೆಂದು ಹೇಳಿಕೊಳ್ಳುತ್ತದೆ. ಎಳೆಯದಿದ್ದಾಗ ಕಲಿತ ಹಾಡೊಂದನ್ನು ಹಾಡುತ್ತ ಹಾಡುತ್ತ ದನಿ ಕುಗ್ಗಿ ನಿಂತುಹೋಗುತ್ತದೆ. ಚಿತ್ರದಲ್ಲಿ ನಮ್ಮ ಕಣ್ಣು ತೇವವಾಗುವುದು ಕೊಲೆಗಾರ ಯಂತ್ರವೊಂದರ ಸಾವಿಗೆ!

ಹ್ಯಾಲ್ ಏಕೆ ಕೆಟ್ಟಿತು? ಅದು ನಿಂತ ಮೇಲೆ ಕೇಳಿಬರುವ ಮುದ್ರಿತ ಸಂದೇಶವೊಂದರಿಂದ, ಪ್ರಯಾಣದ ನಿಜವಾದ ಉದ್ದೇಶ ಎಚ್ಚರವಾಗಿದ್ದವರಲ್ಲಿ ಅದಕ್ಕೊಂದಕ್ಕೇ ಗೊತ್ತಿತ್ತೆಂದು ತಿಳಿಯುತ್ತದೆ. ೧೯೮೪ರಲ್ಲಿ ಬಂದ ಮುಂದಿನ ಚಿತ್ರ ‘೨೦೧೦’ ಇದನ್ನು ಬಿಡಿಸಿ ಹೇಳುತ್ತದೆ. ಸತ್ಯವನ್ನು ತಿರುಚದೆ ತಿಳಿಸುವುದು ಹ್ಯಾಲ್‌ನ ಹುಟ್ಟುಗುಣ. ಮುಚ್ಚಿಡಬೇಕೆಂಬುದು ಅಧಿಕಾರಿಗಳ ಆಜ್ಞೆ. ಎರಡರ ನಡುವೆ ಸಿಕ್ಕು ಅದಕ್ಕೆ ಬುದ್ಧಿಭ್ರಮಣೆಯಾಯಿತು. ಭಯಗೊಂಡವರು ಅಧಿಕಾರಿಗಳು, ಆ ಭಯವನ್ನು ಆಜ್ಞೆಯಾಗಿ ಹೊತ್ತದ್ದು ಯಂತ್ರ. ಎರಡನೆಯ ಚಿತ್ರದ ಕೊನೆಯಲ್ಲಿ ಮನುಷ್ಯರು ಬದುಕಬೇಕಾದರೆ ಹ್ಯಾಲ್ ಇರುವ ನೌಕೆಯನ್ನು ಹಿಂದೆ ಬಿಟ್ಟು, ಅದು ನಾಶವಾಗಲು ಒಪ್ಪಬೇಕು. ಹೇಳದೆ ಕೆಲಸ ಮಾಡಿಸಿಬಿಡೋಣವೆಂಬುದು ಉಳಿದವರ ಎಣಿಕೆ. ಅದನ್ನು ರೂಪಿಸಿದ ಡಾಕ್ಟರ್ ಚಂದ್ರ (ಹೆಸರಿನಿಂದ ನಮ್ಮ ದೇಶದವನು) ಕಡೆಯ ಘಳಿಗೆಯಲ್ಲಿ ನಿಜವನ್ನೇ ಹೇಳುತ್ತಾನೆ. ಹ್ಯಾಲ್ ನಿಜ ಹೇಳಿದ್ದಕ್ಕೆ ಕೃತಜ್ಞತೆ ತಿಳಿಸಿ, ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿ ಮುಗಿಸುತ್ತದೆ. ಮೊದಲ ಚಿತ್ರದಲ್ಲಿ ಬುದ್ಧಿಯನ್ನು ಕೆಡಿಸಿದ್ದು ಭಾವವಲ್ಲ, ಮುಚ್ಚಿಟ್ಟ ಭಾವ. ಎರಡನೆಯದರಲ್ಲಿ ಅದನ್ನು ಗುಣಪಡಿಸಿದ್ದು ಬಿಚ್ಚಿಟ್ಟ ಮಾತು.

ಇತ್ತೀಚಿನ ಚಿತ್ರಗಳಲ್ಲಿ ಈ ವಿಷಯವನ್ನು ನೇರವಾಗಿ ಮುಟ್ಟಿದ್ದು ಕ್ರಿಸ್ಟೋಫರ್ ನೋಲನ್‌ನ ‘ಇಂಟರ್‌ಸ್ಟೆಲ್ಲರ್’, ೨೦೧೪ರದು. ಮುಂದೆ ೨೦೧೭ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಭೌತವಿಜ್ಞಾನಿ ಕಿಪ್ ಥಾರ್ನ್ ಅದಕ್ಕೆ ವಿಜ್ಞಾನದ ಸಲಹೆಗಾರರಾಗಿದ್ದರೆಂದು ಹೇಳಿದಾಗ ನಮ್ಮ ಭೌತಶಾಸ್ತ್ರದ ಮಿತ್ರರೂ ತುಸು ಮೆತ್ತಗಾದರು. ಭೂಮಿ ಬಾಳಲು ಯೋಗ್ಯವಾಗಿ ಉಳಿದಿಲ್ಲ; ಹೊಸ ನೆಲ ಹುಡುಕಲು ಹೊರಟವರ ಬಳಿ ಒಂದೇ ಗ್ರಹಕ್ಕೆ ಸಾಲುವಷ್ಟು ಇಂಧನ ಉಳಿದಿದೆ. ಮ್ಯಾನ್ ಎಂಬ ವಿಜ್ಞಾನಿ ಇಳಿದ ಗ್ರಹಕ್ಕೆ ಹೋಗಬೇಕೋ, ಎಡ್ಮಂಡ್ಸ್ ಎಂಬವನು ಇಳಿದ ಗ್ರಹಕ್ಕೋ? ಬ್ರಾಂಡ್ ಎಂಬ ವಿಜ್ಞಾನಿ ಹೆಂಗಸು ಎಡ್ಮಂಡ್ಸ್‌ನ ಗ್ರಹದ ಪರವಾಗಿ ಶಾಸ್ತ್ರೀಯವಾದ ಕಾರಣಗಳನ್ನೇ ಕೊಡುತ್ತಾಳೆ. ನಾಯಕ ಕೂಪರ್, ಆಕೆ ಎಡ್ಮಂಡ್ಸ್‌ನನ್ನು ಪ್ರೀತಿಸುತ್ತಾಳೆ, ಆದ್ದರಿಂದ ಆಕೆಯ ಮಾತು ತೂಕಕ್ಕೆ ಬಾರದು ಎನ್ನುತ್ತಾನೆ. ಆಕೆ ಮರೆಮಾಡುವುದಿಲ್ಲ, ಪ್ರೀತಿಸುವುದು ನಿಜವೆಂದು ಒಪ್ಪಿಕೊಳ್ಳುತ್ತಾಳೆ. ಮಕ್ಕಳನ್ನು ಮತ್ತೆ ನೋಡುವುದಕ್ಕೂ ಮನುಷ್ಯಕುಲದ ಉಳಿವಿಗೂ ನಡುವೆ ಒಂದನ್ನು ಆರಿಸುವ ದಿನ ನಿನಗೂ ಬಂದೀತು, ಆಗ ನೀನೂ ಹೀಗೆಯೇ ಬಿಚ್ಚುಮನಸ್ಸಿನಿಂದಿರು ಎಂಬ ಅರ್ಥದ ಮಾತನ್ನೂ ಹೇಳುತ್ತಾಳೆ. ನಿರ್ಧಾರ ಮ್ಯಾನ್‌ನ ಕಡೆಗಾಗುತ್ತದೆ.

ಮ್ಯಾನ್ ಎಲ್ಲರಿಗಿಂತ ಶ್ರೇಷ್ಠನೆನ್ನಿಸಿಕೊಂಡವನು. ಅವನ ಗ್ರಹದ ಅಂಕಿಅಂಶಗಳು ಮನೋಹರವಾಗಿವೆ, ಒಂದೂ ನಿಜವಲ್ಲ. ಆ ಹಿಮದ ನಡುವೆ ಒಬ್ಬನೇ ಸಾಯಲಾರದೆ, ಯಾರಾದರೂ ಬಂದು ಕರೆದೊಯ್ಯಲೆಂದು ಅವನು ಬರೆದ ಸುಳ್ಳು ಲೆಕ್ಕ ಅದು. ಅತ್ತ ಭೂಮಿಯಲ್ಲಿ ಬ್ರಾಂಡಳ ತಂದೆ, ಬಿಡಿಸಲಾಗದೆಂದು ತನಗೆ ಗೊತ್ತಿದ್ದ ಸಮೀಕರಣವನ್ನು ಬಿಡಿಸುತ್ತಿರುವಂತೆ ನಟಿಸುತ್ತ ಮುದುಕನಾಗಿದ್ದಾನೆ. ಅವನ ಹತಾಶೆಯೂ ಹಲಗೆಯ ಮೇಲೆ ಗಣಿತವಾಗಿ ಕುಳಿತಿದೆ. ಚಿತ್ರದ ಕೊನೆಗೆ ಉಸಿರಾಡಲು ಯೋಗ್ಯವಾದ ನೆಲವೆಂದು ಕಾಣುವುದು ಎಡ್ಮಂಡ್ಸ್‌ನ ಗ್ರಹವೇ. ಪ್ರೀತಿಯೇ ದಿಕ್ಸೂಚಿಯೆಂದು ಇದರಿಂದ ಸಿದ್ಧವಾಗುತ್ತದೆಯೇ? ನಾನು ಹಾಗೆನ್ನಲಾರೆ. ಆದರೆ ಇಷ್ಟು ನಿಜ: ತನ್ನ ಭಾವವನ್ನು ತಕ್ಕಡಿಯಲ್ಲಿಟ್ಟು ತೋರಿಸಿದವಳ ಮಾತನ್ನು ತೂಗಿ ನೋಡಬಹುದಾಗಿತ್ತು, ತಕ್ಕಡಿಯ ಕೆಳಗೆ ಬೆರಳಿಟ್ಟವರ ಮಾತನ್ನು ತೂಗುವ ಬಗೆಯೇ ಇರಲಿಲ್ಲ. ಆ ನೌಕೆಯಲ್ಲಿ ಟಾರ್ಸ್ ಎಂಬ ಯಂತ್ರಮಾನವ ಒಂದಿದೆ. ಅದರ ಪ್ರಾಮಾಣಿಕತೆಯನ್ನು ನೂರಕ್ಕೆ ೯೦ಕ್ಕೆ ನಿಲ್ಲಿಸಿದ್ದಾರೆ. ಭಾವುಕ ಪ್ರಾಣಿಗಳಾದ ಮನುಷ್ಯರೊಡನೆ ಪೂರ್ತಿ ನಿಜ ಹೇಳುವುದು ಯಾವಾಗಲೂ ಕ್ಷೇಮವಲ್ಲವಂತೆ. ಆ ಉಳಿದ ಹತ್ತರಲ್ಲಿಯೇ ನಮ್ಮ ಸಂಸಾರಗಳ ಅರ್ಧ ತೊಂದರೆ ಇದೆಯೆಂದು ನನಗೆ ತೋರುತ್ತದೆ.

ಸಂಸಾರದ ಮಾತು ಬಂದದ್ದರಿಂದ ನಮ್ಮ ಮನೆಯ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ತೀರ್ಥಹಳ್ಳಿಯ ಕಡೆ ನಮ್ಮದೊಂದು ಹೆಂಚಿನ ಮನೆಯಿತ್ತು. ತಂದೆ ಮೊದಲು ಹೋದರು. ನಾಲ್ಕು ವರ್ಷಗಳ ಮೇಲೆ ತಾಯಿಯೂ ತೀರಿಕೊಂಡರು. ಬೀಗ ಹಾಕಿದ ಮನೆಯನ್ನು ಏನು ಮಾಡುವುದೆಂದು ಅಣ್ಣ, ನಾನು, ತಂಗಿ ಮೂವರೂ ಬೆಂಗಳೂರಿನ ಅಣ್ಣನ ಮನೆಯಲ್ಲಿ ಕುಳಿತೆವು. ಮೇಷ್ಟ್ರ ಅಕ್ಷರ ದುಂಡಗಿರುತ್ತದೆಂದು ಲೆಕ್ಕ ಬರೆಯುವ ಕೆಲಸ ನನಗೆ ಬಂತು. ವರ್ಷಕ್ಕೊಮ್ಮೆ ಹೆಂಚು ತಿರುವಿ ಹಾಕಿಸುವ ಕೂಲಿ ಇಷ್ಟು, ಗೆದ್ದಲು ಹಿಡಿದ ತೊಲೆ ಬದಲಾಯಿಸಲು ಇಷ್ಟು, ಕಂದಾಯ ಇಷ್ಟು, ಹೋಗಿಬರುವ ಬಸ್ಸಿನ ಖರ್ಚು ಇಷ್ಟು ಎಂದು ಅಣ್ಣ ಹೇಳುತ್ತ ಹೋದ; ನಾನು ಬರೆಯುತ್ತ ಹೋದೆ. ಮಾರುವುದೇ ಬುದ್ಧಿವಂತಿಕೆಯೆಂಬುದರಲ್ಲಿ ಯಾವ ಸಂದೇಹವೂ ಉಳಿಯಲಿಲ್ಲ. ತಂಗಿ ಅದುವರೆಗೆ ಸುಮ್ಮನಿದ್ದವಳು, “ನನಗೆ ನಿಮ್ಮಷ್ಟು ಲೆಕ್ಕ ಬರೋದಿಲ್ಲ. ಅಪ್ಪ ಕೂತಿರ್ತಿದ್ದ ಜಗಲಿ ಇನ್ನೊಬ್ಬರದಾದರೆ ನನಗೆ ಸಂಕಟವಾಗುತ್ತೆ. ಅದನ್ನೂ ಬರೆದುಕೋ” ಎಂದಳು. “ಯಾವ ಕಡೆ ಬರೆಯಲೇ?” ಎಂದೆ. “ಖರ್ಚಿನ ಕಡೆ” ಎಂದಳು.

ಬರೆದೆ. ಅಣ್ಣ ಆ ಸಾಲನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಯಾರ ಮುಖವನ್ನೂ ನೋಡದೆ, “ನಂದೂ ಒಂದು ಬರಿ. ಅಮ್ಮ ಇಲ್ಲದ ಅಡಿಗೆಮನೆ ಬಾಗಿಲು ತೆಗೆಯೋದಕ್ಕೆ ನನ್ನ ಕೈಲಿ ಆಗೋದಿಲ್ಲ. ಹೆಂಚಿನ ಮಾತೆಲ್ಲ ಅದಕ್ಕೇ ಬಂದದ್ದು” ಎಂದ. ಮಾರಬೇಕೆಂದವನದೂ ದುಃಖ, ಬೇಡವೆಂದವಳದೂ ದುಃಖ. ಒಂದು ಹೆಂಚಿನ ಲೆಕ್ಕದೊಳಗೆ ಅವಿತಿತ್ತು, ಇನ್ನೊಂದು ಅವಿತಿರಲಿಲ್ಲ, ಅಷ್ಟೇ ವ್ಯತ್ಯಾಸ. ಕೊನೆಗೆ ಮನೆಯನ್ನು ಮಾರಿದೆವು. ಆದರೆ ಹೆಚ್ಚು ಬೆಲೆ ಕೊಟ್ಟು ಕೆಡವಿ ಕಟ್ಟುತ್ತೇನೆಂದವರಿಗಲ್ಲ. ಕಡಿಮೆ ಕೊಟ್ಟರೂ ಮಕ್ಕಳುಮರಿಗಳೊಡನೆ ಅಲ್ಲಿಯೇ ಇರುತ್ತೇವೆಂದವರಿಗೆ. ಹಾಳೆಯ ಮೇಲೆ ಆ ಎರಡು ಸಾಲುಗಳು ಬೀಳದಿದ್ದರೆ ಈ ತೀರ್ಮಾನ ಹೊರಡುತ್ತಿರಲಿಲ್ಲ. ಲೆಕ್ಕ ತಪ್ಪಾಗಿರಲಿಲ್ಲ, ಅಪೂರ್ಣವಾಗಿತ್ತು.

ಇದನ್ನೆಲ್ಲ ಕೇಳಿದ ಭೌತಶಾಸ್ತ್ರದ ಮಿತ್ರರು, “ಭಾವವನ್ನು ಬಿಚ್ಚಿಟ್ಟರೆ ಸರಿ ಎನ್ನುತ್ತೀರಲ್ಲ, ಬಿಚ್ಚಿಟ್ಟ ಭಾವವೂ ಜನರನ್ನು ಕೊಂದೀತಲ್ಲವೆ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರವಾಗಿ ನನಗೆ ರಿಡ್ಲಿ ಸ್ಕಾಟ್‌ನ ‘ದಿ ಮಾರ್ಷಿಯನ್’ ನೆನಪಾಗುತ್ತದೆ, ೨೦೧೫ರ ಚಿತ್ರ. ಸತ್ತನೆಂದು ಭಾವಿಸಿ ಮಂಗಳಗ್ರಹದಲ್ಲಿ ಬಿಟ್ಟುಬಂದ ವಾಟ್ನಿ ಎಂಬ ಯಾತ್ರಿಕ ಬದುಕಿದ್ದಾನೆ, ಆಲೂಗಡ್ಡೆ ಬೆಳೆದುಕೊಂಡು ದಿನ ಎಣಿಸುತ್ತಿದ್ದಾನೆ. ಒಬ್ಬನನ್ನು ಉಳಿಸಲು ಐವರನ್ನು ಅಪಾಯಕ್ಕೆ ಒಡ್ಡಲಾರೆನೆಂದು ನಾಸಾದ ನಿರ್ದೇಶಕ ಹೇಳುತ್ತಾನೆ. ಅವನನ್ನು ದುಷ್ಟನೆನ್ನುವಂತಿಲ್ಲ, ಐದು ಒಂದಕ್ಕಿಂತ ದೊಡ್ಡದೇ. ಆದರೆ ಆ ಐವರು ತಾವೇ ಕುಳಿತು ಯೋಚಿಸಿ, ಪ್ರಯಾಣಕ್ಕೆ ಇನ್ನೂ ೫೩೩ ದಿನಗಳನ್ನು ಸೇರಿಸಿಕೊಂಡು ಹಿಂದಿರುಗಲು ಒಬ್ಬರೂ ತಪ್ಪದೆ ಒಪ್ಪುತ್ತಾರೆ. ಹಿಂದಿರುಗಬೇಕೆಂಬುದು ಸ್ನೇಹದ ನಿರ್ಧಾರ. ಹಿಂದಿರುಗಬಹುದೆಂದು ತೋರಿಸಿಕೊಟ್ಟದ್ದು ಮಾತ್ರ ರಿಚ್ ಪರ್ನೆಲ್ ಎಂಬ ತರುಣ ನಿದ್ದೆಗೆಟ್ಟು ಹಾಕಿದ ಕಕ್ಷೆಯ ಲೆಕ್ಕ. ಸ್ನೇಹವೊಂದೇ ಇದ್ದಿದ್ದರೆ ಆರು ಜನ ಸಾಯುತ್ತಿದ್ದರು. ಲೆಕ್ಕವೊಂದೇ ಇದ್ದಿದ್ದರೆ ಒಬ್ಬ ಸಾಯುತ್ತಿದ್ದ. ಎಲ್ಲಿಗೆ ಹೋಗಬೇಕೆಂದು ಭಾವ ಹೇಳಿತು, ಹೇಗೆಂದು ಬುದ್ಧಿ ಹೇಳಿತು. ಒಬ್ಬರ ಕೆಲಸವನ್ನು ಇನ್ನೊಬ್ಬರು ಕಸಿದುಕೊಳ್ಳಲಿಲ್ಲ.

ಛಂದಸ್ಸು ಪಾಠ ಹೇಳುವವನಿಗೆ ಇದು ಹೊಸ ಸುದ್ದಿಯೇನಲ್ಲ. ಭಾಮಿನೀ ಷಟ್ಪದಿಯ ನಾಲ್ಕು ಸಾಲುಗಳಿಗೆ ತಲಾ ೧೪ ಮಾತ್ರೆ, ಮೂರನೆಯ ಮತ್ತು ಆರನೆಯ ಸಾಲುಗಳಿಗೆ ತಲಾ ೨೩, ಒಟ್ಟು ೧೦೨. ಒಂದು ಹೆಚ್ಚಿದರೂ ಕಿವಿ ಮುನಿಯುತ್ತದೆ. ತುಂಬಿದ ಸಭೆಯಲ್ಲಿ ದ್ರೌಪದಿಯ ಸೆರಗಿಗೆ ಕೈ ಬಿದ್ದಾಗ ಕುಮಾರವ್ಯಾಸ ಅವಳಿಂದ ಮೊರೆಯಿಡಿಸುವುದೂ ಇದೇ ೧೦೨ ಮಾತ್ರೆಗಳ ಕಟ್ಟಿನಲ್ಲಿ. ಎಣಿಕೆಯಿಂದಾಗಿ ಆ ಅಳು ಸಣ್ಣದಾಯಿತೆಂದು ಗದುಗಿನ ಭಾರತ ಕೇಳಿದವರಾರೂ ಹೇಳಿಲ್ಲ. ಎಣಿಕೆಯ ಕಟ್ಟಿನಲ್ಲಿ ನಿಂತದ್ದರಿಂದಲೇ ಅದು ಇಷ್ಟು ಶತಮಾನ ದಾಟಿ ನಮ್ಮ ತರಗತಿಯವರೆಗೆ ಬಂದಿದೆ.

ಹಾಗಾದರೆ ಭಾವವನ್ನು ಮುಚ್ಚಿಡುವುದೂ ಬೇಡ, ಬಿಚ್ಚಿಡುವುದೂ ಬೇಡ, ಬೇರುಸಹಿತ ಕಿತ್ತೇ ಹಾಕಿದರೆ? ೧೯೭೯ರಲ್ಲಿ ಬಂದ ‘ಸ್ಟಾರ್ ಟ್ರೆಕ್’ ಮಾಲೆಯ ಮೊದಲ ಚಲಚ್ಚಿತ್ರ ಈ ಪ್ರಶ್ನೆಯನ್ನು ಎತ್ತಿಕೊಂಡಿದೆ. ಅದರ ಹಿನ್ನೆಲೆಯಲ್ಲಿ ಕನ್ನಡಿಗರಿಗೆ ಸಂಬಂಧಿಸಿದ ಸಂಗತಿಯೊಂದೂ ಉಂಟು. ೧೯೭೭ರಲ್ಲಿ ಅಮೆರಿಕದವರು ಹಾರಿಸಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪನದ ಧ್ವನಿಮುದ್ರಿಕೆಯನ್ನು ಇಟ್ಟು ಕಳುಹಿಸಿದರಷ್ಟೆ. ಅದರಲ್ಲಿ ೫೫ ಭಾಷೆಗಳ ನಮಸ್ಕಾರಗಳಿವೆ, ಅವುಗಳಲ್ಲಿ ಕನ್ನಡವೂ ಒಂದು. ಯಾರು ಕೇಳುವರೋ, ಎಂದು ಕೇಳುವರೋ ತಿಳಿಯದು. ಅಷ್ಟು ಜಿಪುಣರಾದ ರಾಕೆಟ್ಟಿನವರು ಒಂದು ನಮಸ್ಕಾರಕ್ಕಾಗಿ ತೂಕ ಬಿಟ್ಟುಕೊಟ್ಟರಲ್ಲ ಎಂದು ನನಗೆ ಸಂತೋಷ. ಎರಡು ವರ್ಷಗಳ ಮೇಲೆ ಬಂದ ಈ ಚಿತ್ರ ‘ವಾಯೇಜರ್ ಆರು’ ಎಂಬ ಇಲ್ಲದ ನೌಕೆಯೊಂದನ್ನು ಕಲ್ಪಿಸಿಕೊಳ್ಳುತ್ತದೆ. ಹೆಸರಿನ ನಡುವಿನ ಅಕ್ಷರಗಳು ಮುಚ್ಚಿಹೋಗಿ ‘ವೀಜರ್’ ಎಂದಷ್ಟೇ ಉಳಿದ ಆ ಯಂತ್ರ, ತಿಳಿಯಬಹುದಾದುದನ್ನೆಲ್ಲ ತಿಳಿದುಕೊಂಡು, ಶುದ್ಧ ಬುದ್ಧಿಯಾಗಿ, ದಾರಿಗೆ ಅಡ್ಡ ಬಂದುದನ್ನೆಲ್ಲ ಅಳಿಸುತ್ತ ಭೂಮಿಗೆ ಹಿಂದಿರುಗುತ್ತದೆ. ತನ್ನನ್ನು ಮಾಡಿದವನನ್ನು ಹುಡುಕುವುದೇ ಅದರ ಗುರಿ.

ಇದೇ ಚಿತ್ರದ ಆರಂಭದಲ್ಲಿ ಸ್ಪಾಕ್ ತನ್ನ ಗ್ರಹದ ಗುರುಗಳ ಮುಂದೆ ಮಂಡಿಯೂರಿರುತ್ತಾನೆ. ತಾಯಿ ಮಾನವಳು, ತಂದೆ ತರ್ಕವನ್ನೇ ಧರ್ಮವೆಂದು ನಂಬಿದ ವಲ್ಕನ್ ಕುಲದವನು. ಉಳಿದ ಭಾವವನ್ನೆಲ್ಲ ನೀಗಿಕೊಳ್ಳುವ ದೀಕ್ಷೆ ಪೂರೈಸುವ ಹೊತ್ತಿನಲ್ಲಿ ಆಕಾಶದ ಆಚೆಯಿಂದ ವೀಜರ್‌ನ ಮನಸ್ಸು ಅವನನ್ನು ಮುಟ್ಟುತ್ತದೆ, ದೀಕ್ಷೆ ನಿಂತುಹೋಗುತ್ತದೆ. ತಾನು ಬಯಸಿದ ಸಿದ್ಧಿ ಅಲ್ಲಿರಬಹುದೆಂದು ಹುಡುಕಿಕೊಂಡು ಹೋಗಿ, ಅದರ ಮನಸ್ಸಿನೊಳಗೆ ಹೊಕ್ಕು ನೋಡಿದರೆ ಅಲ್ಲಿ ಅಪಾರವಾದ ಜ್ಞಾನ, ಅ‌ಷ್ಟೇ ಅಪಾರವಾದ ಬರಡುತನ. ಎಲ್ಲವನ್ನೂ ತಿಳಿದ ಮೇಲೂ, ಇಷ್ಟೇ ಏನು, ಇನ್ನೇನೂ ಇಲ್ಲವೇ ಎಂದು ಅದು ಕೇಳುತ್ತಿದೆ. ಪ್ರಜ್ಞೆ ಮರಳಿದ ಸ್ಪಾಕ್ ಹಾಸಿಗೆಯ ಪಕ್ಕದಲ್ಲಿ ನಿಂತ ಗೆಳೆಯ ಕಿರ್ಕ್‌ನ ಕೈಯನ್ನು ಹಿಡಿದುಕೊಂಡು, ಇಷ್ಟು ಸರಳವಾದ ಭಾವ ಆ ಮಹಾಬುದ್ಧಿಗೆ ನಿಲುಕದು ಎನ್ನುತ್ತಾನೆ. ಬುದ್ಧಿಯನ್ನು ನಿಂದಿಸಿ ಆಡಿದ ಮಾತಲ್ಲ ಅದು. ಬುದ್ಧಿಯ ತುದಿಯವರೆಗೆ ಹೋಗಿಬಂದವನು ಒಪ್ಪಿಸಿದ ವರದಿ. ಆದ್ದರಿಂದಲೇ ಅದಕ್ಕೆ ಬೆಲೆ.

ಇನ್ನು ಕಣ್ಣೀರಿನ ಮಾತು. ೨೦೧೩ರಲ್ಲಿ ಬಂದ ‘ಗ್ರಾವಿಟಿ’ ಚಿತ್ರದಲ್ಲಿ ನಾಯಕಿ ಒಬ್ಬಳೇ ಸಿಕ್ಕಿಬಿದ್ದು ಅಳುವಾಗ ಅವಳ ಕಣ್ಣೀರಿನ ಹನಿ ಮುತ್ತಿನಂತೆ ತೇಲಿ ನಮ್ಮ ಕಡೆಗೆ ಬರುತ್ತದೆ. ನೋಡಲು ಚೆನ್ನ, ವಾಸ್ತವ ಹಾಗಿಲ್ಲ. ಅದೇ ವರ್ಷ ಕ್ರಿಸ್ ಹ್ಯಾಡ್‌ಫೀಲ್ಡ್ ಎಂಬ ಕೆನಡದ ಗಗನಯಾತ್ರಿ ಅಂತರಿಕ್ಷ ನಿಲ್ದಾಣದಲ್ಲಿ ಕಣ್ಣಿಗೆ ನೀರು ಬಿಟ್ಟುಕೊಂಡು ತೋರಿಸಿದ್ದರು. ಭಾರವಿಲ್ಲದ ಆ ಜಾಗದಲ್ಲಿ ಕಣ್ಣೀರು ಕೆಳಗೆ ಬೀಳುವುದೂ ಇಲ್ಲ, ಹಾರಿಹೋಗುವುದೂ ಇಲ್ಲ. ಗುಂಡಗೆ ಕಟ್ಟಿಕೊಂಡು ಕಣ್ಣಿಗೇ ಅಂಟಿ ನಿಲ್ಲುತ್ತದೆ. ಒರೆಸಿದರೆ ಉಂಟು, ಇಲ್ಲದಿದ್ದರೆ ದೃಷ್ಟಿಯನ್ನೇ ಮಸಕು ಮಾಡುತ್ತದೆ. ವಿಜ್ಞಾನದ ಈ ಸಣ್ಣ ಸಂಗತಿ ನಾನು ಇಷ್ಟು ಹೊತ್ತು ಹೇಳಿದ್ದನ್ನೇ ನನಗಿಂತ ಚೆನ್ನಾಗಿ ಹೇಳುತ್ತದೆ.

ಚಿತ್ರಗಳಲ್ಲಿ ನಡೆಯುವುದು ನಮ್ಮ ಪೀಣ್ಯದಲ್ಲಿಯೂ ನಡೆಯಿತು. ೨೦೧೯ರ ಸೆಪ್ಟೆಂಬರ್ ೭ರಂದು, ಮಧ್ಯರಾತ್ರಿ ಕಳೆದ ಹೊತ್ತಿನಲ್ಲಿ, ಚಂದ್ರನ ನೆಲ ಇನ್ನೆರಡು ಕಿಲೋಮೀಟರು ಚಿಲ್ಲರೆ ಇರುವಾಗ ಚಂದ್ರಯಾನ-೨ರ ವಿಕ್ರಮ್ ಮಾತು ನಿಲ್ಲಿಸಿತು. ಬೆಳಗಾದ ಮೇಲೆ ಇಸ್ರೋದ ಆಗಿನ ಅಧ್ಯಕ್ಷ ಶಿವನ್ ಅವರು ಪ್ರಧಾನಮಂತ್ರಿಯ ಹೆಗಲಿನ ಮೇಲೆ ತಲೆಯಿಟ್ಟು ಅತ್ತದ್ದನ್ನು ದೇಶವೆಲ್ಲ ನೋಡಿತು. ವಿಜ್ಞಾನಿ ಹೀಗೆ ಅಳಬಹುದೆ ಎಂದು ಕೇಳಿದವರೂ ಇದ್ದರು. ಅಳಬಹುದು, ಒರೆಸಿಕೊಂಡು ಮತ್ತೆ ಹಲಗೆಯ ಮುಂದೆ ಕೂರಬೇಕು, ಅಷ್ಟೆ. ಆ ಸಂಸ್ಥೆಯವರು ಹಾಗೆಯೇ ಕುಳಿತರು. ಏನೇನು ಕೆಡಬಹುದೆಂಬುದನ್ನೆಲ್ಲ ಮೊದಲು ಎಣಿಸಿ ಹೊಸ ನೌಕೆಯನ್ನು ರೂಪಿಸಿದರು. ಕಾಲುಗಳನ್ನು ಬಲಪಡಿಸಿದರು. ಇಳಿಯುವ ಜಾಗ ಹಿಂದೆ ೫೦೦ ಮೀಟರು ಉದ್ದ, ೫೦೦ ಮೀಟರು ಅಗಲವಿತ್ತು. ಈ ಸಲ ೪ ಕಿಲೋಮೀಟರು ಉದ್ದ, ೨.೪ ಕಿಲೋಮೀಟರು ಅಗಲ ಗೊತ್ತುಮಾಡಿದರು. ಇಂಧನವನ್ನೂ ಹಿಂದಿಗಿಂತ ಹೆಚ್ಚು ತುಂಬಿದರು. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ಮೇಲೆ ನಿಂತಿತು.

ಗಾಡ್ವಿನ್‌ನ ಕಥೆಯಲ್ಲಿ ಯಾರೂ ಇಡದ ಆ ಒಂದು ಹಿಡಿ ಹೆಚ್ಚಿನ ಇಂಧನವನ್ನು ಇಲ್ಲಿ ಇಟ್ಟವರಿದ್ದರು. ಕಣ್ಣೀರಿಗೆ ತೂಕವಿಲ್ಲವೆಂದು ನನ್ನ ಭೌತಶಾಸ್ತ್ರದ ಮಿತ್ರರು ಹೇಳುತ್ತಲೇ ಇರಲಿ. ಎಷ್ಟು ತೂಕವೆಂದು ನಾನೂ ಹೇಳಲಾರೆ. ಆದರೆ ಆ ರಾಕೆಟ್ಟಿನ ಲೆಕ್ಕದ ಪುಸ್ತಕದಲ್ಲಿ ಅದು ಇಂಧನದ ಬಾಬಿನಲ್ಲಿ ಎಲ್ಲೋ ಸೇರಿಕೊಂಡಿದೆಯೆಂದು ನನ್ನ ನಂಬಿಕೆ.